ಮಧ್ಯದಲ್ಲೇ ನಿಂತ ಮುಳ್ಳು

ಅವನಿಗೂ ಹೆತ್ತವರು ಇಟ್ಟ ಒಂದು ಹೆಸರಿತ್ತು. ಆ ಹೆಸರು ಹಿಡಿದು ಕೂಗಿದರೆ ಈಗ ಅವನೇ ತಿರುಗಿ ನೋಡುವುದಿಲ್ಲ. ಊರಿಗೆಲ್ಲ ಅವನು ‘ಏನಾಗಲ್ಲ’. ಏನಾಗಲ್ಲನ ಅಂಗಡಿ, ಏನಾಗಲ್ಲನ ಹೆಂಡತಿ, ಏನಾಗಲ್ಲ ಮಾಡಿದ ವೈರಿಂಗು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಅಂಗಡಿ. ಇಬ್ಬರು ಒಳಗೆ ನಿಂತರೆ ಮೂರನೆಯವನು ಬೀದಿಯಲ್ಲಿ. ಗಾಡಿಯ ಹಾರನ್ ಕೂಗದಿದ್ದರೆ, ದೀಪ ಉರಿಯದಿದ್ದರೆ, ಎಡಗಡೆಯ ಇಂಡಿಕೇಟರ್ ಒತ್ತಿದರೆ ಬಲಗಡೆಯದು ಮಿನುಗಿದರೆ, ಜನ ಅಲ್ಲಿಗೆ ತಳ್ಳಿಕೊಂಡು ಬರುತ್ತಿದ್ದರು. ಅವನು ಹಲ್ಲಿನಲ್ಲಿ ವೈರು ಕಚ್ಚಿಕೊಂಡೇ ಗಾಡಿಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ಏನೂ ಆಗಲ್ಲ ಬಿಡಿ" ಅನ್ನುತ್ತಿದ್ದ. ಆ ಮಾತು ಕೇಳಿಸಿಕೊಳ್ಳುವುದಕ್ಕೇ ಅರ್ಧ ಜನ ಬರುತ್ತಿದ್ದರು ಎಂದರೂ ಸುಳ್ಳಲ್ಲ.

ಟೇಪು ಸುತ್ತುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಕಂಪನಿಯ ವೈರು ಎಲ್ಲಿ ಮುಗಿಯಿತು, ಇವನದು ಎಲ್ಲಿ ಶುರುವಾಯಿತು ಎಂದು ಬೆರಳಿನಿಂದ ತಡವಿದರೂ ಗೊತ್ತಾಗಬಾರದು, ಅದು ಅವನ ಹಟ. ಬೇರೆಯವರು ಸುತ್ತಿದ ಟೇಪು ಮುರಿದ ಕಾಲಿಗೆ ಬಟ್ಟೆ ಕಟ್ಟಿದ ಹಾಗೆ ಕಾಣುತ್ತದೆ ಎಂದು ಮೂಗು ಮುರಿಯುತ್ತಿದ್ದ. ತನ್ನ ಕೆಲಸ ಕಣ್ಣಿಗೆ ಕಾಣಲೇಬಾರದು, ಕಂಡರೆ ಅದು ಕೆಲಸವೇ ಅಲ್ಲ ಎನ್ನುವವನು. ಆ ಮಾತಿನ ಮೇಲೆ ಅವನಿಗೆ ಎಷ್ಟು ಹೆಮ್ಮೆಯಿತ್ತೋ, ಮುಂದೆ ಅಷ್ಟೇ ನಾಚಿಕೆಯೂ ಆಯಿತು.

ಇನ್ನೊಂದು ಬುದ್ಧಿಯಿತ್ತು ಅವನಿಗೆ. ಎಚ್ಚರಿಸುವ ದೀಪಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಯಾರೋ ಒಬ್ಬರು ಕಾರು ತಂದು, "ನೋಡಪ್ಪಾ, ಈ ಕೆಂಪು ದೀಪ ಆರ್ತಾನೇ ಇಲ್ಲ, ರಾತ್ರಿಯೆಲ್ಲಾ ಅದೇ ಯೋಚನೆ" ಅಂದರೆ ಸಾಕು, ಡ್ಯಾಶ್‌ಬೋರ್ಡಿನ ಹಿಂದಕ್ಕೆ ಕೈ ತೂರಿಸಿ ಬಲ್ಬನ್ನೇ ಕಿತ್ತು ಅವರ ಕೈಗಿಡುತ್ತಿದ್ದ. "ಇನ್ನು ಚೆನ್ನಾಗಿ ನಿದ್ದೆ ಮಾಡಿ." ಜನ ನಗುತ್ತ ಹೋಗುತ್ತಿದ್ದರು. ಅಲ್ಲ, ಇದೆಂಥ ಬುದ್ಧಿ ಅಂತೀರಿ? ಕೆಟ್ಟ ಬುದ್ಧಿಯಂತೂ ಅಲ್ಲ. ಎದುರಿಗೆ ಒಬ್ಬರು ಹೆದರಿ ನಿಂತಿದ್ದರೆ ಅದನ್ನು ನೋಡಲು ಅವನ ಕೈಲಾಗುತ್ತಿರಲಿಲ್ಲ, ಅಷ್ಟೇ. ಹೆದರಿಕೆಗೆ ಕಾರಣ ಏನು ಎಂದು ಹುಡುಕುವುದಕ್ಕೆ ಹೊತ್ತು ಹಿಡಿಯುತ್ತದೆ. ಹೆದರಿಕೆಯ ಬಾಯಿ ಮುಚ್ಚಿಸುವುದು ಒಂದು ಕ್ಷಣದ ಕೆಲಸ. ಮನೆಯ ಕುಕ್ಕರಿನ ಸೀಟಿ ಜೋರಾಗಿದೆ ಎಂದು ಅದಕ್ಕೂ ಬಟ್ಟೆ ಸುತ್ತಲು ಹೋಗಿ ಹೆಂಡತಿಯ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದ. "ಇವರ ಕೈಗೆ ಸಿಕ್ಕಿದ್ರೆ ಯಮನ ಕೋಣದ ಗಂಟೆಯನ್ನೂ ಬಿಚ್ಚಿ ಪಕ್ಕಕ್ಕಿಡ್ತಾರೆ" ಎಂದು ಅವಳು ಎಲ್ಲರೆದುರಿಗೆ ಹೇಳುತ್ತಿದ್ದಳು. ಅವನೂ ಎಲ್ಲರ ಜೊತೆ ನಗುತ್ತಿದ್ದ.

‘ಏನೂ ಆಗಲ್ಲ’ ಎನ್ನುವ ಮಾತು ಅವನ ಬಾಯಿಗೆ ಹತ್ತಿದ್ದು ತಂಗಿಯಿಂದ. ಪುಟ್ಟಿ ಎಂದೇ ಕರೆಯುತ್ತಿದ್ದ, ಅವಳ ತಲೆಯಲ್ಲಿ ಬಿಳಿ ಕೂದಲು ಬಂದ ಮೇಲೂ. ಅಪ್ಪ ಹೋದಾಗ ಅವಳು ತೀರ ಚಿಕ್ಕವಳು. ಗುಡುಗಿದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು, ಬಾಗಿಲು ಬಡಿದರೆ ಬೆಚ್ಚುತ್ತಿದ್ದಳು, ಅಮ್ಮ ಕೆಲಸದಿಂದ ಬರುವುದು ಸ್ವಲ್ಪ ತಡವಾದರೆ ಕಿಟಕಿಯ ಸರಳು ಹಿಡಿದು ನಿಂತುಬಿಡುತ್ತಿದ್ದಳು. ಇವನು ಪಕ್ಕದಲ್ಲಿ ಕೂತು ಅವಳ ತಲೆ ಸವರಿ, "ಏನೂ ಆಗಲ್ಲ ಪುಟ್ಟಿ, ಏನೂ ಆಗಲ್ಲ" ಎಂದು ಹೇಳಿ ಹೇಳಿಯೇ ಅವಳನ್ನು ದೊಡ್ಡವಳನ್ನಾಗಿ ಮಾಡಿದ. ಅವಳಿಗೂ ಅಷ್ಟೇ, ಅಣ್ಣ ಏನೂ ಆಗಲ್ಲ ಅಂದರೆ ಆಗುವುದಿಲ್ಲ. ಮುಗಿಯಿತು.

ಪುಟ್ಟಿ ಈಗ ಬೇಕರಿಯ ಬ್ರೆಡ್ಡು ಸಾಗಿಸುವ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಬೇಕರಿಯ ಹಿಂಬಾಗಿಲಲ್ಲಿ ಬಿಸಿ ಬ್ರೆಡ್ಡಿನ ಟ್ರೇಗಳನ್ನು ಸ್ಕೂಟರಿನ ಹಿಂದಿನ ಕಬ್ಬಿಣದ ಚೌಕಟ್ಟಿಗೆ ಒಂದರ ಮೇಲೊಂದು ಹೇರಿ, ರಬ್ಬರ್ ಹಗ್ಗ ಬಿಗಿದು, ಗುಡ್ಡದ ಆಚೆಗಿನ ಅಂಗಡಿಗಳಿಗೆ ಹಂಚಿ ಬರಬೇಕು. ಊರು ದಾಟಿದ ಕೂಡಲೇ ಏರು. ಏರಿನ ತುದಿಯಲ್ಲಿ ಸುರಂಗ. ಒಳಗೆ ಎರಡೇ ಸಾಲು ರಸ್ತೆ, ಗೋಡೆಗೆ ಹತ್ತಿದ ಹೊಗೆಯ ಮಸಿ, ಅಲ್ಲೊಂದು ಇಲ್ಲೊಂದು ಹಳದಿ ದೀಪ, ಹಿಂದೆ ಮುಂದೆ ಸರಕಿನ ಲಾರಿಗಳು. ಒಳಗೆ ಗಾಡಿ ನಿಲ್ಲಿಸಲು ಎಡಗಡೆ ಒಂದೇ ಒಂದು ಕಡೆ ಗೋಡೆ ಕೊರೆದು ಜಾಗ ಬಿಟ್ಟಿದ್ದಾರೆ. ಅದು ತಪ್ಪಿದರೆ ಆಚೆಯ ಬೆಳಕು ಕಾಣುವ ತನಕ ನಿಲ್ಲುವಂತಿಲ್ಲ. ಬಿಡುವಿನ ದಿನ ಇವನೂ ಒಮ್ಮೆ ಅವಳ ಜೊತೆ ಹೋಗಿದ್ದ. ಹೊರಗೆ ಬಂದ ಮೇಲೆ ಮುಖಕ್ಕೆ ಹತ್ತಿದ ಮಸಿಯನ್ನು ತುಂಬ ಹೊತ್ತು ಒರೆಸಿಕೊಂಡಿದ್ದ.

ಸ್ಕೂಟರಿಗೆ ಎಣ್ಣೆಯ ಬಿಸಿ ತೋರಿಸುವ ಮೀಟರ್ ಹಾಕಿಸಬೇಕೆಂದು ಹೊರಟವಳು ಅವಳೇ. ಭಾರ ಹೊತ್ತು ದಿನಾ ಏರು ಹತ್ತುವ ಗಾಡಿ, ಎಣ್ಣೆ ಅತಿಯಾಗಿ ಕಾಯ್ದರೆ ಎಂಜಿನ್ ಹಿಡಿದುಕೊಂಡುಬಿಡುತ್ತದೆ, ಹಿಂದಿನ ಚಕ್ರ ಕಟ್ಟಿಹಾಕಿದ ಹಾಗೆ ನಿಂತುಬಿಡಬಹುದು ಎಂದು ಎಂಜಿನ್ ಕೆಲಸದ ಮೇಸ್ತ್ರಿ ಅವಳಿಗೆ ಹೇಳಿದ್ದರು. ಮೇಸ್ತ್ರಿಗೆ ಇನ್ನೊಬ್ಬರನ್ನು ಸಮಾಧಾನ ಮಾಡುವ ಅಭ್ಯಾಸವಿಲ್ಲ. ಅವಳು ಆ ಮಾತನ್ನು ಹೊತ್ತುಕೊಂಡು ಸೀದಾ ಅಣ್ಣನ ಅಂಗಡಿಗೆ ಬಂದಳು.

"ಅಣ್ಣಾ, ಒಂದು ಮುಳ್ಳಿನ ಮೀಟರ್ ಹಾಕಿಕೊಡು. ಬಿಸಿ ಜಾಸ್ತಿಯಾದ್ರೆ ನನಗೆ ಗೊತ್ತಾಗ್ಬೇಕು."

"ಏನೂ ಆಗಲ್ಲ ಕಣೇ."

"ಆಗಲ್ಲ, ಸರಿ. ಆದ್ರೂ ಹಾಕು. ಸುರಂಗಕ್ಕೆ ಹೋಗೋ ಮುಂಚೆ ಒಂದ್ಸಲ ನೋಡ್ಕೊಂಡ್ರೆ ನನಗೆ ಧೈರ್ಯ."

ಧೈರ್ಯ ಅಂದಮೇಲೆ ಅವನು ಇಲ್ಲ ಅನ್ನುವುದುಂಟೇ. ಒಂದು ಇಡೀ ಮಧ್ಯಾಹ್ನ ಕೂತು ಹಾಕಿದ. ಎಂಜಿನ್ ಕೆಳಗಿನ ಎಣ್ಣೆ ಇಳಿಸುವ ಬೋಲ್ಟನ್ನು ಬಿಚ್ಚಿ, ಅದರ ಜಾಗಕ್ಕೆ ಹಿತ್ತಾಳೆಯ ಸೆನ್ಸರ್ ಕೂರಿಸಿ, ಸೋರದ ಹಾಗೆ ತಾಮ್ರದ ವಾಷರ್ ಕೊಟ್ಟ. ಅದರಿಂದ ಹಸಿರು ವೈರನ್ನು ಸೈಲೆನ್ಸರಿನ ಬಿಸಿ ತಾಗದಂತೆ ಆಚೆಯಿಂದ ಸುತ್ತಿಸಿ, ಕಾಲಿಡುವ ಹಲಗೆಯ ಕೆಳಗೆ ಹಾಯಿಸಿ, ಹ್ಯಾಂಡಲಿನ ತನಕ ತಂದ. ಕೆಂಪು ವೈರು ಕೀಲಿಕೈ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಕಡೆಗೆ, ಕಪ್ಪು ವೈರು ಗಾಡಿಯ ಕಬ್ಬಿಣದ ಮೈಗೆ, ಅಂದರೆ ಅರ್ತಿಗೆ, ಇನ್ನೊಂದು ಮೀಟರಿನ ಒಳಗಿನ ಪುಟ್ಟ ದೀಪಕ್ಕೆ. ಮೇಲೆ ಟೇಪು. ಅಂಗೈಯಲ್ಲಿ ಹಿಡಿಸುವಷ್ಟು ಗುಂಡು ಮೀಟರು ಹ್ಯಾಂಡಲಿನ ಮೇಲೆ ಹುಟ್ಟಿನಿಂದಲೇ ಇದ್ದ ಹಾಗೆ ಕೂತಿತು. ಬಿಳಿಯ ಮುಖ, ಕಪ್ಪು ಮುಳ್ಳು, ಕೊನೆಯಲ್ಲಿ ಒಂದು ಕೆಂಪು ಪಟ್ಟಿ. ಪುಟ್ಟಿ ಅದರ ಗಾಜನ್ನು ಸೆರಗಿನಿಂದ ಒರೆಸಿದಳು. ಅವಳ ಮುಖ ನೋಡಿ ಅವನಿಗೆ ಮೀಟರ್ ಹಾಕಿದ್ದಕ್ಕಿಂತ ಹೆಚ್ಚಿನ ಸಂತೋಷವಾಯಿತು.

ಕೆಲವು ವಾರ ಮುಳ್ಳು ಏರಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗುವುದು, ಇಳಿಜಾರಿನಲ್ಲಿ ಕೆಳಗೆ ಬರುವುದು, ಹೀಗೆ ಸಭ್ಯವಾಗಿತ್ತು. ಆಮೇಲೊಂದು ದಿನ ಪುಟ್ಟಿ ಬಂದು, ಸುರಂಗದಲ್ಲಿ ಹೆಡ್‌ಲೈಟ್ ಹಾಕಿದ ತಕ್ಷಣ ಮುಳ್ಳು ಚಂಗನೆ ಕೆಂಪಿಗೆ ಹಾರಿತು ಎಂದಳು. ಅವನು ನಕ್ಕ. ದೀಪ ಹಾಕಿದ ತಕ್ಷಣ ಎಣ್ಣೆ ಕಾಯುತ್ತದೆಯೇ? ಅರ್ತ್ ಸಡಿಲವಾಗಿದೆ. ನೋಡಿದರೆ ಹಾಗೇ ಆಗಿತ್ತು. ತುಕ್ಕು ಕೆರೆದು, ಅರ್ತ್ ವೈರಿಗೆ ಬೇರೆ ಜಾಗ ಕೊಟ್ಟು ಬಿಗಿ ಮಾಡಿದ. "ನೋಡಿದ್ಯಾ, ಎಂಜಿನ್‌ಗೆ ಏನೂ ಆಗಿಲ್ಲ. ಮುಳ್ಳು ಸುಳ್ಳು ಹೇಳ್ತಿತ್ತು." ಆ ದಿನ ಅವನು ಹೇಳಿದ್ದು ಸರಿ. ಅದೇ ತೊಂದರೆಯಾಯಿತು ನೋಡಿ. ಒಂದು ಸಲ ಸರಿಯಾದದ್ದರಿಂದ ಪ್ರತಿ ಸಲವೂ ಸರಿ ಎಂದುಕೊಂಡುಬಿಟ್ಟ.

ಮತ್ತೆ ಒಂದೆರಡು ವಾರಕ್ಕೆ ಪುಟ್ಟಿ ಬಂದಳು. ಈಗ ಮುಳ್ಳು ಹಾರುತ್ತಿರಲಿಲ್ಲ. ಮೆಲ್ಲಗೆ, ಏರು ಹತ್ತುತ್ತಿದ್ದ ಹಾಗೆ, ಯಾರೋ ಮೆಟ್ಟಿಲು ಹತ್ತಿ ಬರುವಂತೆ ಕೆಂಪಿನ ಕಡೆ ಬರುತ್ತಿತ್ತು. ಹೆಡ್‌ಲೈಟ್ ಆರಿಸಿದರೂ ಬರುತ್ತಿತ್ತು. ಅವನು ಅರ್ತ್ ನೋಡಿದ, ಗಟ್ಟಿ. ಹಸಿರು ವೈರನ್ನು ಉದ್ದಕ್ಕೂ ತಡವಿದ, ಎಲ್ಲೂ ಉಜ್ಜಿರಲಿಲ್ಲ. ಸೆನ್ಸರನ್ನೇ ಬಿಚ್ಚಿ ಹೊಸದು ಹಾಕಿದ. ಮಾರನೆಯ ದಿನ ಅವಳು ಮತ್ತೆ ಅಂಗಡಿಯ ಮುಂದೆ.

"ಇವತ್ತೂ ಕೆಂಪು ಮುಟ್ತಣ್ಣ."

"ಮೀಟರೇ ಸರಿಯಿಲ್ಲ ಅನ್ಸುತ್ತೆ."

"ಮೇಸ್ತ್ರಿ ಹತ್ರ ಎಂಜಿನ್ ತೋರಿಸ್ಲಾ?"

"ಆ ಮನುಷ್ಯ ಚೆನ್ನಾಗಿರೋ ಎಂಜಿನ್ನೂ ಬಿಚ್ಚಿ ಹರಡಿ ಕೂರ್ತಾರೆ. ಬೇಡ. ನಾನಿಲ್ವಾ?"

ಇದು ಮೊಂಡುತನ. ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ವೈರಿಂಗಿನವನಿಗೆ ಕಾಣುವ ತೊಂದರೆಯೆಲ್ಲ ವೈರಿನಲ್ಲೇ ಇರುತ್ತದೆ. ಮೀಟರು, ಸೆನ್ಸರು, ವೈರು ಮೂರೂ ಸರಿಯಿವೆ ಎಂದರೆ ಬಿಸಿ ನಿಜವೇ ಇರಬೇಕಲ್ಲ, ಎಂದು ಅವನ ತಲೆಯ ಯಾವುದೋ ಮೂಲೆ ಹೇಳಿರಲೇಬೇಕು. ಆ ಮೂಲೆಯ ಬಲ್ಬನ್ನೂ ಅವನು ಕಿತ್ತಿಟ್ಟಿದ್ದ.

ಅದಾದ ಮೇಲೆ ನಡೆದದ್ದು ಅವನನ್ನು ನಿಜಕ್ಕೂ ಹೆದರಿಸಿತು. ಪುಟ್ಟಿ ಒಂದು ದಿನ ಬೇಕರಿಗೂ ಹೋಗದೆ, ಮನೆಗೂ ಹೋಗದೆ, ನೇರ ಅಂಗಡಿಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು. ಸುರಂಗದ ನಟ್ಟನಡುವೆ ಮುಳ್ಳು ಕೆಂಪಿನ ಒಳಗೆ ಹೋಯಿತಂತೆ. ಇವಳಿಗೆ ಕೈಕಾಲು ಆಡದೆ ಅಲ್ಲೇ, ರಸ್ತೆಯ ಮೇಲೇ ಗಾಡಿ ನಿಲ್ಲಿಸಿದಳಂತೆ. ಹಿಂದಿನ ಲಾರಿ ಬ್ರೇಕು ಹಾಕಿ ಕಿರುಚಿಕೊಂಡು ಬಂದು ಇವಳ ಟ್ರೇಗೆ ಒಂದು ಗೇಣು ಬಿಟ್ಟು ನಿಂತಿತಂತೆ. ಚಾಲಕ ಇಳಿದು ಬಾಯಿಗೆ ಬಂದಂತೆ ಬೈದನಂತೆ.

"ಅವನು ಬೈದದ್ದು ಸರಿ ಕಣೇ!" ಎಂದು ಇವನೂ ಕೂಗಾಡಿದ. "ಸುರಂಗದಲ್ಲಿ ಯಾರಾದ್ರೂ ಗಾಡಿ ನಿಲ್ಲಿಸ್ತಾರಾ? ತಲೆ ಕೆಟ್ಟಿದೆಯಾ ನಿನಗೆ?"

"ಕೆಂಪಿತ್ತಣ್ಣ... ಕೆಂಪು ನೋಡಿದ್ರೆ ನನಗೆ ಏನೂ ತೋಚಲ್ಲ."

ಅವಳು ಅತ್ತಳು. ಅವನು ಹಿಂದಿನ ಹಾಗೇ ತಲೆ ಸವರಿದ. ಎಂಜಿನ್ ಕೆಟ್ಟು ಇವಳಿಗೆ ಏನಾದೀತೋ ಗೊತ್ತಿಲ್ಲ, ಈ ಮುಳ್ಳು ನೋಡಿ ನಿಲ್ಲಿಸಿದರೆ ಲಾರಿ ಹರಿಯುವುದು ಮಾತ್ರ ಖಂಡಿತ ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. ತಂಗಿಯನ್ನು ಕೊಲ್ಲುವುದು ಬಿಸಿಯಲ್ಲ, ಈ ಮುಳ್ಳು.

ಮಾರನೆಯ ಬೆಳಿಗ್ಗೆ ಬೇಕರಿಯ ಹಿಂಬಾಗಿಲಿಗೆ ತಾನೇ ಹೋದ. ಅವಳು ಒಳಗೆ ಟ್ರೇ ಎಣಿಸಿಕೊಳ್ಳುತ್ತಿದ್ದಾಗ ಕಾಲಿಡುವ ಹಲಗೆ ಬಿಚ್ಚಿ, ಹಸಿರು ವೈರನ್ನು ನಡುವೆ ಕತ್ತರಿಸಿ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ರೆಸಿಸ್ಟರನ್ನು ಸೇರಿಸಿ ಬೆಸೆದ. ಸೆನ್ಸರಿನಿಂದ ಮೀಟರಿಗೆ ಹೋಗುವ ಕರೆಂಟಿಗೆ ಅದೊಂದು ಅಡ್ಡಗಲ್ಲು. ಎಣ್ಣೆ ಎಷ್ಟೇ ಕಾಯಲಿ, ಮುಳ್ಳು ಅರ್ಧದವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಮೇಲೆ ಟೇಪು ಸುತ್ತಿದ. ಬಹಳ ಚೆನ್ನಾಗಿ ಸುತ್ತಿದ. ಅಷ್ಟು ಹೊತ್ತಿಗೆ ಅವಳು ಟ್ರೇ ಹೊತ್ತು ಬಂದಳು.

"ಏನ್ ಮಾಡ್ದೆ?"

"ಕನೆಕ್ಷನ್ ಸರಿಯಿರ್ಲಿಲ್ಲ. ಈಗ ಸರಿಹೋಯ್ತು. ಇನ್ನು ಕೆಂಪಿಗೆ ಹೋಗಲ್ಲ, ನೋಡ್ತಿರು."

"ನಿಜವಾಗ್ಲೂ?"

"ಏನೂ ಆಗಲ್ಲ ಪುಟ್ಟಿ."

ಅರ್ತ್ ಬಿಗಿ ಮಾಡಿದ ದಿನದಿಂದ ಮುಳ್ಳು ಒಂದು ಸುಳ್ಳೂ ಹೇಳಿರಲಿಲ್ಲ. ಕಲಿಸಿಕೊಟ್ಟವನು ಇವನು.

ಆಮೇಲಿನ ದಿನಗಳು ಎಷ್ಟು ಸುಖವಾಗಿದ್ದವೆಂದರೆ, ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಪುಟ್ಟಿಯ ಮುಖದಲ್ಲಿ ಕಳೆ ಬಂತು. ಸುರಂಗಕ್ಕೆ ಮುಂಚೆ ಒಮ್ಮೆ ಮುಳ್ಳು ನೋಡುವಳು, ಮಧ್ಯದಲ್ಲಿರುವುದು, ಹಾಯಾಗಿ ಒಳಗೆ ಹೋಗುವಳು. "ನಮ್ಮಣ್ಣನ ಕೈಗುಣ" ಎಂದು ಬೇಕರಿಯವರಿಗೆಲ್ಲ ಹೇಳಿದಳು. ಮೊದಲು ಏರು ಹತ್ತುವಾಗ ದಾರಿಯ ಬದಿ ಒಂದು ಮರದ ಕೆಳಗೆ ಗಾಡಿಯನ್ನು ಆರಲು ಬಿಡುತ್ತಿದ್ದಳು. ಮುಳ್ಳು ನೆಟ್ಟಗಿರುವಾಗ ಯಾಕೆ ಎಂದು ಅದನ್ನೂ ಬಿಟ್ಟಳು. ಆಚೆಯ ಒಂದು ದೊಡ್ಡ ಹೋಟೆಲಿನವರು ಬ್ರೆಡ್ಡು ಕೇಳಿದಾಗ, ಗಾಡಿ ತಡೆಯುತ್ತದೆ ಎಂದು ಒಪ್ಪಿಕೊಂಡು ಇನ್ನೂ ಟ್ರೇ ಹೇರಿದಳು. ಇದನ್ನು ಅವಳೇ ಬಂದು ಸಂತೋಷದಿಂದ ಹೇಳಿದಳು. ಅವನ ಕೈಯಲ್ಲಿದ್ದ ಬೆಸುಗೆ ಕಡ್ಡಿಯ ಕಾವಿಗೆ ತವರ ಕರಗಿ ಬೆರಳ ಮೇಲೆ ಬಿತ್ತು. ಸುಟ್ಟಿದ್ದು ಸಂಜೆಯ ತನಕ ಗೊತ್ತಾಗಲಿಲ್ಲ.

ಹೆಂಡತಿ ಮಾತ್ರ ಏನೋ ಮೂಸಿ ನೋಡಿದವಳಂತೆ ಕೇಳಿದಳು. "ಅಲ್ಲಾರೀ, ಪುಟ್ಟಿ ಮೀಟರ್‌ಗೆ ಏನ್ ಮಾಡಿದ್ರಿ?"

"ಸರಿ ಮಾಡ್ದೆ."

"ಬಲ್ಬ್ ಕಿತ್ತಿಲ್ಲ ತಾನೇ?"

"ಅದರಲ್ಲಿ ಎಚ್ಚರಿಸೋ ಬಲ್ಬ್ ಎಲ್ಲಿದೆಯೇ, ಮುಳ್ಳಿರೋದು" ಎಂದು ರೇಗಿದ. ಅವಳು ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ದಿನಾ ಮಧ್ಯಾಹ್ನ ಪುಟ್ಟಿಯ ಸ್ಕೂಟರು ಖಾಲಿ ಟ್ರೇಗಳನ್ನು ಗಡಗಡ ಅನ್ನಿಸುತ್ತ ಬೀದಿಯಲ್ಲಿ ಹಾದುಹೋಗುವ ತನಕ ಅವನ ಕಿವಿ ರಸ್ತೆಯಲ್ಲೇ ಇರುತ್ತಿತ್ತು. ತೆಗೆದುಬಿಡೋಣ ಅನ್ನಿಸುತ್ತಿತ್ತು. ತೆಗೆದರೆ ಮತ್ತೆ ಕೆಂಪು, ಮತ್ತೆ ಸುರಂಗದ ನಡುವೆ ನಿಲ್ಲುವುದು. ನಾಳೆ ನೋಡೋಣ ಎಂದುಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಮೇಸ್ತ್ರಿ ಅಂಗಡಿಗೆ ಬಂದರು. ಹಿಂದಿನ ಸಂಜೆ ಪುಟ್ಟಿ ಸ್ಕೂಟರಿಗೆ ಎಣ್ಣೆ ಬದಲಾಯಿಸಲು ಅವರಲ್ಲಿ ಬಿಟ್ಟಿದ್ದಳು. ಮೇಸ್ತ್ರಿ ಮಾತಾಡದೆ ಒಂದು ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತೆಗೆದು ಇವನ ಮೂಗಿನ ಹತ್ತಿರ ಹಿಡಿದರು. ಕಪ್ಪಗೆ, ತಳದಲ್ಲಿ ಗಸಿ ಗಸಿಯಾಗಿದ್ದ ಎಣ್ಣೆ. ಸುಟ್ಟ ವಾಸನೆ ರಪ್ಪನೆ ಹೊಡೆಯಿತು.

"ನಿನ್ನ ತಂಗಿ ಗಾಡೀದು," ಎಂದರು ಮೇಸ್ತ್ರಿ. "ಈ ಎಣ್ಣೆ ಬೆಂದು ಹೋಗಿದೆ. ಬಿಸಿ ಎಷ್ಟು ತೋರಿಸ್ತಿದೆಯಮ್ಮಾ ಅಂತ ಕೇಳಿದೆ. ಮಧ್ಯದಲ್ಲೇ ಇರುತ್ತೆ, ನಮ್ಮಣ್ಣ ಹಾಕಿದ್ದು ಅಂದ್ಲು. ಹಾಗಿದ್ರೆ ಹಳೇ ಎಣ್ಣೆ ಇರ್ಬೇಕು ಅಂತ ಬರೀ ಎಣ್ಣೆ ಬದಲಾಯಿಸಿ ಕೊಟ್ಟುಬಿಟ್ಟೆ, ಬೇರೇನೂ ಬಿಚ್ಚಲಿಲ್ಲ. ಬೆಳಿಗ್ಗೆ ಎದ್ದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ. ಹೌದೇನಯ್ಯಾ, ಆ ಮೀಟರ್ ಸರಿಯಾಗಿ ತೋರಿಸುತ್ತಾ?"

ಏನಾಗಲ್ಲ ಬಾಟಲಿಯ ತಳದ ಗಸಿಯನ್ನೇ ನೋಡುತ್ತ ನಿಂತ. ಆ ಹೊತ್ತಿಗೇ ಬೀದಿಯ ತಿರುವಿನಲ್ಲಿ ಪುಟ್ಟಿಯ ಸ್ಕೂಟರು ಕಾಣಿಸಿತು. ಟ್ರೇಗಳು ಅವಳ ತಲೆಗಿಂತ ಎತ್ತರಕ್ಕಿದ್ದವು. ಗಾಡಿಯ ಹಿಂಭಾಗ ಭಾರಕ್ಕೆ ಕುಗ್ಗಿತ್ತು.

ಅವನು ಬೀದಿಗೆ ಇಳಿದು ಕೈ ಎತ್ತಿದ. ನಿಲ್ಲು ಎಂದು ಕೂಗಬೇಕು, ಗಂಟಲಿನ ತನಕ ಬಂತು. ಪಕ್ಕದಲ್ಲಿ ಮೇಸ್ತ್ರಿ ನಿಂತಿದ್ದಾರೆ. ಅವಳು ನಿಂತರೆ ಮೇಸ್ತ್ರಿ ಬಗ್ಗಿ ನೋಡುತ್ತಾರೆ, ಟೇಪು ಬಿಚ್ಚಿಸುತ್ತಾರೆ, ಒಳಗಿನದು ಹೊರಗೆ ಬೀಳುತ್ತದೆ, ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ. ಅಯ್ಯೋ, ಎಂಥ ಹೊತ್ತಿನಲ್ಲಿ ಎಂಥ ಯೋಚನೆ! ಇಷ್ಟಕ್ಕೇ ಅವನ ಬಾಯಿ ಕಟ್ಟಿತು. ಎತ್ತಿದ ಕೈ ಹಾಗೇ ಇತ್ತು. ಪುಟ್ಟಿ ಅದನ್ನು ನೋಡಿ ತಾನೂ ಒಂದು ಕೈ ಬೀಸಿದಳು, ನಗುತ್ತ ಮೀಟರಿನ ಕಡೆ ಬೆರಳು ತೋರಿಸಿ ಸರಿಯಿದೆ ಎಂದು ತಲೆಯಾಡಿಸಿದಳು, ಹೋಗಿಯೇಬಿಟ್ಟಳು.

"ಯಾಕೆ ಕರೆಯಲಿಲ್ಲ?" ಎಂದರು ಮೇಸ್ತ್ರಿ.

"ಮಧ್ಯಾಹ್ನ ಬರ್ತಾಳಲ್ಲ, ನೋಡೋಣ. ಏನೂ ಆಗಲ್ಲ."

ಮೇಸ್ತ್ರಿ ಬಾಟಲಿಯನ್ನು ಅಲ್ಲೇ ಮೇಜಿನ ಮೇಲಿಟ್ಟು ಹೋದರು. ಅವರ ಬೆನ್ನು ತಿರುವಿನಲ್ಲಿ ಮರೆಯಾದದ್ದೇ ತಡ, ಇವನು ಫೋನ್ ಹಿಡಿದ. ಗಂಟೆ ಹೊಡೆದುಕೊಂಡೇ ಹೋಯಿತು. ಗಾಡಿ ಓಡಿಸುವಾಗ ಪುಟ್ಟಿ ಫೋನನ್ನು ಸೀಟಿನ ಕೆಳಗೆ ಹಾಕಿ ಬೀಗ ಹಾಕುವವಳು. ಅದೂ ಇವನೇ ಹೇಳಿಕೊಟ್ಟ ಬುದ್ಧಿ. ಮತ್ತೆ ಮಾಡಿದ. ಮತ್ತೆ. ಆಮೇಲೆ ರಿಪೇರಿಗೆ ಬಂದಿದ್ದ ಯಾರದೋ ಬೈಕನ್ನು ಎತ್ತಿಕೊಂಡು ಹೊರಟ. ಅಂಗಡಿ ತೆರೆದೇ ಇತ್ತು.

ದಾರಿಯುದ್ದಕ್ಕೂ ಅವನು ಅವಳ ಟ್ರೇಗಳನ್ನು ಹುಡುಕಿದ. ಊರಾಚೆ ಕಾಣಲಿಲ್ಲ. ಏರಿನ ಬುಡದಲ್ಲಿ ಕಾಣಲಿಲ್ಲ. ಅವಳು ಮೊದಲು ಗಾಡಿ ಆರಲು ಬಿಡುತ್ತಿದ್ದ ಮರದ ಕೆಳಗೆ ಇದ್ದೇ ಇರುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ; ಅಲ್ಲಿ ಒಣಗಿದ ಎಲೆ ಬಿಟ್ಟರೆ ಏನೂ ಇರಲಿಲ್ಲ. ಕೊನೆಯ ತಿರುವು ದಾಟಿದಾಗ ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ಎಂಜಿನ್ ಆರಿಸಿ ಚಾಲಕರು ಕೆಳಗಿಳಿದು ನಿಂತಿದ್ದರು. ಅಷ್ಟು ಗಾಡಿಗಳಿದ್ದರೂ ಗುಡ್ಡದ ಮೇಲೆ ಸದ್ದೇ ಇರಲಿಲ್ಲ.

"ಏನಾಯ್ತು?" ಎಂದು ಒಬ್ಬ ಚಾಲಕನನ್ನು ಕೇಳಿದ.

"ಒಳಗೆ ಸ್ಕೂಟರ್ ಚಕ್ರ ಹಿಡ್ಕೊಂಡು ಬಿದ್ದಿದೆಯಂತೆ. ಬ್ರೆಡ್ಡಿನವ್ರು."

ಬೈಕನ್ನು ಅಲ್ಲೇ ಕೆಡವಿ ಅವನು ಸುರಂಗದೊಳಗೆ ಓಡಿದ. ಹಳದಿ ಬೆಳಕಿನಲ್ಲಿ ರಸ್ತೆಯ ತುಂಬ ಬ್ರೆಡ್ಡು ಚೆಲ್ಲಾಡಿತ್ತು. ಕಾಲಿಟ್ಟರೆ ಮೆತ್ತಗೆ ಕುಸಿಯುತ್ತಿತ್ತು. ಒಂದು ಲಾರಿ ಗೋಡೆಗೆ ಮೈ ಉಜ್ಜಿಕೊಂಡು ಓರೆಯಾಗಿ ನಿಂತಿತ್ತು. ಅದರ ಚಾಲಕ ಸ್ಟಿಯರಿಂಗ್ ತಿರುಗಿಸದಿದ್ದರೆ ಇಲ್ಲಿಗೆ ಕತೆಯೇ ಮುಗಿಯುತ್ತಿತ್ತು. ಲಾರಿಯ ಮುಂದಿನ ಚಕ್ರದ ಪಕ್ಕದಲ್ಲಿ ಸ್ಕೂಟರು, ಸ್ಕೂಟರಿನ ಕೆಳಗೆ ಪುಟ್ಟಿಯ ಬಲಗಾಲು. ನಾಲ್ಕಾರು ಜನ ಸೇರಿ ಎತ್ತಲು ನೋಡುತ್ತಿದ್ದರು. ಅವಳ ಕಣ್ಣು ತೆರೆದಿತ್ತು. ಕೀಲಿಕೈ ತಿರುಗಿಸಿದ ಹಾಗೇ ಇತ್ತು. ಮೀಟರಿನ ಪುಟ್ಟ ದೀಪ ಉರಿಯುತ್ತಿತ್ತು, ಮುಳ್ಳು ಮಧ್ಯದಲ್ಲಿ ನಿಂತಿತ್ತು.

ಅವಳು ಬದುಕಿದಳು. ಕಾಲು ಉಳಿಯಿತು, ಆದರೆ ಮೊಣಕಾಲು ಇನ್ನು ಪೂರ್ತಿ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಅವನು ಹಗಲೆಲ್ಲ ಕೂತಿರುತ್ತಿದ್ದ. ಎಚ್ಚರವಾದ ಮೇಲೆ ಅವಳು ಮೊದಲು ಸಮಾಧಾನ ಹೇಳಿದ್ದು ಅವನಿಗೆ.

"ಮೇಸ್ತ್ರಿ ನಿನಗೇನಾದ್ರೂ ಅಂದ್ರಾ? ಯಾರೇನಂದ್ರೂ ಕೇಳ್ಬೇಡ. ನಿನ್ನ ಮೀಟರ್ ಸರಿಯಾಗೇ ಇತ್ತಣ್ಣ."

ಅವನು ಮಂಚದ ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆಯುತ್ತಿದ್ದ.

"ಒಳಗೆ ಹೋದ ಸ್ವಲ್ಪ ಹೊತ್ತಿಗೇ ಎಂಜಿನ್ ಸದ್ದು ಒಂಥರಾ ಆಯ್ತು, ನರಳಿದ ಹಾಗೆ. ಸುಟ್ಟ ವಾಸನೆ ಬಂತು. ಎಡಗಡೆ ಆ ನಿಲ್ಲಿಸೋ ಜಾಗ ಇದೆಯಲ್ಲ, ಅದು ಎದುರಿಗೇ ಬಂತು. ನಿಲ್ಲಿಸೇಬಿಡೋಣ ಅಂತ ಇಂಡಿಕೇಟರೂ ಹಾಕಿದ್ದೆ. ಒಂದ್ಸಲ ಮುಳ್ಳು ನೋಡಿದೆ. ಮಧ್ಯದಲ್ಲಿತ್ತು. ನೀನೇ ಎದುರಿಗೆ ನಿಂತು ಏನೂ ಆಗಲ್ಲ ಪುಟ್ಟಿ ಅಂದ ಹಾಗಾಯ್ತು. ಇಂಡಿಕೇಟರ್ ಆಫ್ ಮಾಡಿ ಮುಂದೆ ಹೋದೆ."

ಹೇಳಿ ಅವಳು ಸ್ವಲ್ಪ ನಕ್ಕಳು ಕೂಡ. ಅವನಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ನಡೆದ. ಅವನ ಕಾಲು ಅವನನ್ನು ಮೇಸ್ತ್ರಿಯ ಶೆಡ್ಡಿಗೆ ಕರೆದುಕೊಂಡು ಹೋಯಿತು.

ಸ್ಕೂಟರು ಗೋಡೆಗೆ ಒರಗಿತ್ತು. ಮೇಸ್ತ್ರಿ ಎಂಜಿನ್ ಪಕ್ಕದ ಫ್ಯಾನಿನ ಕವರನ್ನು ಬಿಚ್ಚಿಟ್ಟಿದ್ದರು. ಒಳಗೆ, ಎಂಜಿನಿಗೆ ಗಾಳಿ ಹೋಗಬೇಕಾದ ಸಂದಿಯಲ್ಲಿ, ಬ್ರೆಡ್ಡು ಸುತ್ತುವ ಪ್ಲಾಸ್ಟಿಕ್ ಹಾಳೆ ಕರಗಿ ಅಂಟಿಕೊಂಡಿತ್ತು. ಕವರಿನ ಜಾಲರಿಯ ಒಂದು ಹಲ್ಲು ಮುರಿದಿತ್ತು. ಬೇಕರಿಯ ಹಿಂಬಾಗಿಲಲ್ಲಿ ಎಂದೋ ಗಾಳಿಗೆ ಎಳೆದುಕೊಂಡಿರಬೇಕು. ಕೈಹಾಕಿ ತೆಗೆಯುವಷ್ಟರ ಕೆಲಸ. ಮುಳ್ಳು ಅಷ್ಟು ದಿನ ಬಾಯಿ ಬಡಿದುಕೊಂಡದ್ದು ಇದನ್ನೇ.

ಅವನು ಕೆಳಗೆ ಕೂತು ಕಾಲಿಡುವ ಹಲಗೆ ಬಿಚ್ಚಿ ಟೇಪಿಗೆ ಬ್ಲೇಡು ಹಾಕಿದ. ಮೇಸ್ತ್ರಿ ನೋಡುತ್ತಿದ್ದರು. ತುಂಬ ಬಿಗಿಯಾಗಿ ಸುತ್ತಿದ್ದರಿಂದ ಹೊತ್ತು ಹಿಡಿಯಿತು. ರೆಸಿಸ್ಟರು ಹೊರಗೆ ಬಂದಾಗ ಮೇಸ್ತ್ರಿ ಅದನ್ನು ನೋಡಿ, ಇವನನ್ನು ನೋಡಿ, ಕೈ ಒರೆಸಿಕೊಂಡು ಒಳಗೆ ಹೋದರು. ಆಮೇಲೆ ಅವರು ಯಾರ ಹತ್ತಿರವೂ ಆ ವಿಷಯ ಎತ್ತಲಿಲ್ಲ. ಇವನೂ ರೆಸಿಸ್ಟರನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಅವನು ಬೀದಿಯಲ್ಲಿ ನಿಂತು ಅದನ್ನೂ ಯೋಚಿಸಿದ, ಸುಳ್ಳೇಕೆ ಹೇಳಬೇಕು. ಆದರೆ ಇಂಡಿಕೇಟರ್ ಆಫ್ ಮಾಡಿದ ಆ ಬೆರಳು ಅವನ ಕಣ್ಣ ಮುಂದಿನಿಂದ ಹೋಗಲಿಲ್ಲ.

ಆಸ್ಪತ್ರೆಗೆ ವಾಪಸು ಹೋಗಿ ರೆಸಿಸ್ಟರನ್ನು ಪುಟ್ಟಿಯ ಅಂಗೈಯಲ್ಲಿಟ್ಟ.

"ಏನಣ್ಣಾ ಇದು?"

"ನಿನ್ನ ಗಾಡಿ ವೈರ್ ಒಳಗಿತ್ತು. ನಾನೇ ಹಾಕಿದ್ದೆ. ಮುಳ್ಳು ಕೆಂಪಿಗೆ ಹೋಗದೇ ಇರ್ಲಿ ಅಂತ. ಬಿಸಿ ನಿಜವಾಗ್ಲೂ ಇತ್ತು ಪುಟ್ಟಿ."

ಅವಳು ಅದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದಳು. ಚಿಕ್ಕವಳಿದ್ದಾಗ ಕಿಟಕಿಯ ಸರಳು ಹಿಡಿದು ಬೀದಿ ನೋಡುತ್ತಿದ್ದಳಲ್ಲ, ಅದೇ ಮುಖ. ಆಮೇಲೆ ಗೋಡೆಯ ಕಡೆ ತಿರುಗಿ, "ಅತ್ತಿಗೆನ ಕಳಿಸು. ನೀನು ಮನೆಗೆ ಹೋಗು" ಎಂದಳು. ಅವನು ಎದ್ದು ಹೋದ.

ತಿಂಗಳುಗಟ್ಟಲೆ ಅವಳು ಅವನ ಜೊತೆ ಮಾತಾಡಲಿಲ್ಲ. ಅವನು ಅಂಗಡಿಯಲ್ಲಿ ಕೂರುತ್ತಿದ್ದ, ಕೆಲಸ ಮಾಡುತ್ತಿದ್ದ. ಯಾರಾದರೂ ದೀಪ ಆರುತ್ತಿಲ್ಲ ಎಂದು ಬಂದರೆ, "ಯಾಕೆ ಉರೀತಿದೆ ನೋಡೋಣ, ಮೊದಲು ಮೇಸ್ತ್ರಿ ಹತ್ರ ತೋರಿಸ್ಕೊಂಡು ಬನ್ನಿ" ಎಂದು ಕಳಿಸುತ್ತಿದ್ದ. ಸಮಾಧಾನದ ಮಾತು ಕೇಳಲು ಬರುತ್ತಿದ್ದವರು ಬೇರೆ ಅಂಗಡಿ ಹುಡುಕಿಕೊಂಡರು. ಹೆಸರು ಮಾತ್ರ ಅವನನ್ನು ಬಿಡಲಿಲ್ಲ. ಬೀದಿಯಲ್ಲಿ ಯಾರೋ "ಏನಾಗಲ್ಲಾ" ಎಂದು ಕೂಗಿದರೆ ಕಪಾಳಕ್ಕೆ ಹೊಡೆದ ಹಾಗಾಗುತ್ತಿತ್ತು, ಆದರೂ ತಿರುಗಿ ನೋಡುತ್ತಿದ್ದ.

ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಒಂದು ಸ್ಕೂಟರ್ ನಿಂತಿತು. ಹಳೆಯದಲ್ಲ, ಬೇರೆ. ಬಲಗಾಲನ್ನು ನೆಟ್ಟಗೆ ಚಾಚಿಕೊಂಡೇ ಪುಟ್ಟಿ ಇಳಿದಳು. ಬೇಕರಿಯವರು ಮತ್ತೆ ಕೆಲಸಕ್ಕೆ ಕರೆದಿದ್ದರು. ಅವಳು ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಗುಂಡು ಮೀಟರು, ಹಿತ್ತಾಳೆ ಸೆನ್ಸರು, ಸುತ್ತಿಟ್ಟ ವೈರು.

"ಹಾಕ್ತೀಯಾ?" ಎಂದಳು.

ಅವನು ಕೈ ಒರೆಸಿಕೊಂಡು ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ. ತಲೆಯಾಡಿಸಿದ. ಅವಳು ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು. ಅವನು ಬೋಲ್ಟು ಬಿಚ್ಚಿದ್ದು, ವಾಷರ್ ಕೂರಿಸಿದ್ದು, ಹಸಿರು ವೈರು ಎಳೆದದ್ದು, ಒಂದೊಂದನ್ನೂ ಕಣ್ಣು ಕೀಳದೆ ನೋಡಿದಳು. ಎಲ್ಲ ಮುಗಿದು ಅವನು ಅಭ್ಯಾಸದಂತೆ ಟೇಪಿನ ಸುರುಳಿಗೆ ಕೈಹಾಕಿದಾಗ, ಅವಳು ಅವನ ಮುಂಗೈ ಹಿಡಿದಳು.

"ಟೇಪ್ ಸುತ್ಬೇಡಣ್ಣ. ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನನಗೆ ಕಾಣ್ತಾ ಇರ್ಲಿ."

ಅವನು ಸುರುಳಿಯನ್ನು ಮೇಜಿನ ಮೇಲೆ ವಾಪಸಿಟ್ಟ.